ಹೊಸ ಬಿದಿರಿನ ಎಲೆ ಹಳದಿ: ನೀರೋ, ಗೊಬ್ಬರವೋ?

ಪ್ರಶ್ನೆ: ಮಡಿಕೇರಿ ಕಡೆ ಕಾಫಿ ತೋಟದ ಅಂಚಿಗೆ ಜೂನ್‌ನಲ್ಲಿ ನೆಟ್ಟ ಬರ್ಮಾ ಬಿದಿರು. ಎರಡಡಿ ಗುಂಡಿ, ತಳಕ್ಕೆ ಒಂದು ಬುಟ್ಟಿ ಸಗಣಿ. ಆಗಸ್ಟ್‌ಗೆ ಎಲೆ ಹಳದಿ. ಯೂರಿಯಾ ಕೊಡಬಹುದಾ?

ಉತ್ತರ: ಈಗ ಬೇಡವೇ ಬೇಡ. ಯಾವ ಎಲೆ ಅನ್ನೋದು ಮೊದಲು ನೋಡಿ. ಬುಡದ ನಾಲ್ಕಾರು ಹಳೆ ಎಲೆ ಮಾತ್ರವಾದರೆ ಸಹಜ. ಹಳೆ ಎಲೆಯಿಂದ ಶುರುವಾಗಿ ಗಿಡವೆಲ್ಲ ಬಿಳಿಚಿಕೊಂಡರೆ ಸಾರಜನಕದ ಕೊರತೆ. ಮಣ್ಣು ಹಸಿಯಿದ್ದೂ ಎಳೆಯದು, ಹಳೆಯದು ಒಟ್ಟಿಗೇ ಹಳದಿಯಾಗಿ ಜೋತುಬಿದ್ದರೆ ಬೇರಿಗೆ ಉಸಿರಿಲ್ಲ. ಬುಡದ ಪಕ್ಕ ಗೇಣುದ್ದ ಅಗೆದು ಬೇರು ಹಿಸುಕಿ: ಬೆಳ್ಳಗೆ ಗಟ್ಟಿಯಿದ್ದರೆ ಸರಿ, ಸಿಪ್ಪೆ ಜಾರಿ ಕಪ್ಪು ನಾರು ಕೈಗೆ ಬಂದರೆ ಕೊಳೆತಿದೆ.

ಉತ್ತರ: ಸಗಣಿ ಹಸಿಯದಾ? ನೀರು ನಿಂತ ಗುಂಡಿಯಲ್ಲಿ ಅದು ಕೊಳೆಯುತ್ತಾ ಉಳಿದ ಗಾಳಿಯನ್ನೂ ತಿನ್ನುತ್ತೆ. ಜೇಡಿಮಣ್ಣಿನ ಗುಂಡಿ ಮಳೆಗಾಲದಲ್ಲಿ ಬಾನಿ ಇದ್ದಂತೆ.

ಪ್ರಶ್ನೆ ಕೇಳಿದವರು: ಹಸಿಯದೇ. ಅರ್ಧದಷ್ಟು ಬೇರು ಕಪ್ಪು, ವಾಸನೆ ಬೇರೆ.

ಉತ್ತರ: ಹಾಗಾದರೆ ಮಣ್ಣುಗಡ್ಡೆ ಸಮೇತ ಎತ್ತಿ, ಕಪ್ಪು ಬೇರು ಕತ್ತರಿಸಿ. ಸಗಣಿ ತೆಗೆದುಹಾಕಿ, ಗುಂಡಿ ಮುಚ್ಚಿ, ಮೇಲೆ ಒಂದಡಿ ದಿಬ್ಬ ಮಾಡಿ ನೆಡಿ. ಇಳಿಜಾರಿನ ಕಡೆಗೆ ಚರಂಡಿ ಬಿಡಿಸಿ. ಹೊಸ ಎಲೆ ಬಿಟ್ಟು, ಜೋರು ಮಳೆ ನಿಂತ ಮೇಲೆ 50 ಗ್ರಾಂ ಯೂರಿಯಾ, ಬುಡದಿಂದ ಒಂದಡಿ ದೂರಕ್ಕೆ ಸುತ್ತಲೂ.