ವ್ಯಾಕ್ಯೂಮ್ ಪಂಪ್ ಹತ್ತಿರ ಆಯಿಲ್ ಲೀಕ್, ಬೆಳಿಗ್ಗೆ ಬ್ರೇಕ್ ಗಟ್ಟಿ. ಪಂಪ್ ಬದಲಿಸಲೇಬೇಕಾ?

ಹಡಪ್ಸರ್ ಪಿಕಪ್:

ಎಲ್ಲರಿಗೂ ನಮಸ್ಕಾರ. ನಮ್ಮದು ನಾಲ್ಕು ಸಿಲಿಂಡರ್ ಡೀಸೆಲ್ ಪಿಕಪ್. ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡ್‌ನಿಂದ ಈರುಳ್ಳಿ, ಟೊಮೆಟೊ ಸಾಗಿಸುತ್ತೇನೆ. ಬಾಡಿಗೆ ಸಿಕ್ಕರೆ ನವಿ ಮುಂಬೈನ ವಾಶಿ ಮಾರ್ಕೆಟ್‌ಗೂ ಇಳಿಯುತ್ತೇನೆ.

ಬ್ಯಾಟರಿ ಚಾರ್ಜ್ ಮಾಡುವ ಡೈನಮೊ ಬೆನ್ನಿಗೇ, ಬ್ರೇಕ್ ಹಗುರ ಮಾಡುವ ವ್ಯಾಕ್ಯೂಮ್ ಪಂಪ್ ಕೂತಿದೆ. ಅದರ ಸುತ್ತ ಆಯಿಲ್ ಒಸರುತ್ತಿದೆ. ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ಅಂಗೈ ಅಗಲ ಕಲೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೇಲೆ ಸ್ವಲ್ಪ ಹೊತ್ತು ಬ್ರೇಕ್ ಪೆಡಲ್ ತುಂಬಾ ಗಟ್ಟಿ, ಆಮೇಲೆ ಸರಿಹೋಗುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಬ್ಯಾಟರಿ ಲೈಟ್ ಮಿಣುಕುತ್ತದೆ, ರೇಸ್ ಕೊಟ್ಟರೆ ಆರುತ್ತದೆ.

ಒಬ್ಬ ಮೆಕ್ಯಾನಿಕ್ ಪಂಪ್ ಪೂರ್ತಿ ಬದಲಿಸಿ ಅಂದರು. ಎಲೆಕ್ಟ್ರಿಷಿಯನ್ ಡೈನಮೊ ಸಮೇತ ಹೊಸದು ಹಾಕಿಸಿ ಅಂದರು. ಇಬ್ಬರೂ ಬಾನೆಟ್ ಎತ್ತಿದ ಎರಡು ನಿಮಿಷಕ್ಕೆ ಹೇಳಿದ ಮಾತು ಇದು. ದುಡ್ಡು ಹಾಕಲು ನಾನು ತಯಾರು, ಆದರೆ ಯಾವುದಕ್ಕೆ ಹಾಕುತ್ತಿದ್ದೇನೆ ಅಂತ ಗೊತ್ತಾಗಬೇಕಲ್ವಾ? ಮುಂದಿನ ವಾರ ಲೋಡ್ ತಗೊಂಡು ಖಂಡಾಳಾ ಘಾಟ್ ಇಳಿಯಬೇಕು. ತಿಳಿದವರು ದಯವಿಟ್ಟು ಹೇಳಿ.

ವಾಶಿ ಟೆಂಪೊ:

ಅಣ್ಣಾ, ಮೊದಲು ಪಂಪ್‌ಗೆ ಆಯಿಲ್ ತರುವ ಸಣ್ಣ ಪೈಪ್ ನೋಡಿ. ಅದರ ತುದಿಯಲ್ಲಿ ತೂತಿನ ಬೋಲ್ಟ್ ಇರುತ್ತದೆ, ಅದರ ಎರಡೂ ಕಡೆ ತಾಮ್ರದ ವಾಷರ್. ನನ್ನ ಟೆಂಪೊದಲ್ಲಿ ಆ ವಾಷರೇ ಹೋಗಿತ್ತು. ಹೊಸ ವಾಷರ್ ಜೋಡಿ ಹಾಕಿದೆ, ಲೀಕ್ ನಿಂತಿತು. ಬರೀ ಬೋಲ್ಟ್ ಬಿಗಿ ಮಾಡಲು ಹೋಗಬೇಡಿ. ಒಳಗೆ ತೂತಿರುವ ಬೋಲ್ಟ್ ಅದು, ಪಟಕ್ಕನೆ ಮುರಿಯುತ್ತದೆ.

ಭೋಸರಿ ಗ್ಯಾರೇಜ್:

ತಮ್ಮಾ, ನಿನ್ನ ಮೂರು ತೊಂದರೆಯನ್ನೂ ಒಟ್ಟಿಗೇ ನೋಡಬೇಕು. ಆಯಿಲ್ ಕಲೆ, ಗಟ್ಟಿ ಪೆಡಲ್, ಮಿಣುಕುವ ಲೈಟ್. ವಾಶಿಯವರು ಹೇಳಿದ ವಾಷರ್ ಮೊದಲು ನೋಡುವುದು ಸರಿ, ಅದು ಕಮ್ಮಿ ಖರ್ಚಿನ ಕೆಲಸ. ಆದರೆ ಬರೀ ವಾಷರ್ ಹೋಗಿದ್ದರೆ ಬ್ಯಾಟರಿ ಲೈಟ್ ಯಾಕೆ ಮಿಣುಕಬೇಕು? ನನ್ನ ಅನುಮಾನ ಪಂಪ್‌ಗೂ ಡೈನಮೊಗೂ ನಡುವೆ ಇರುವ ಆಯಿಲ್ ಸೀಲ್ ಮೇಲೆ.

ಪೆಟ್ರೋಲ್ ಇಂಜಿನ್‌ನಲ್ಲಿ ಗಾಳಿ ಬರುವ ದಾರಿಗೆ ಥ್ರಾಟಲ್ ಅನ್ನುವ ಮುಚ್ಚಳ ಇರುತ್ತದೆ. ಅದು ಮುಚ್ಚಿದಾಗ ಗಾಳಿ ಹೋಗುವ ಮ್ಯಾನಿಫೋಲ್ಡ್ ಪೈಪ್‌ನಲ್ಲೇ ವ್ಯಾಕ್ಯೂಮ್ ಸಿಗುತ್ತದೆ, ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬ್ರೇಕ್ ಬೂಸ್ಟರ್‌ಗೆ ಅದೇ ಸಾಕು. ಡೀಸೆಲ್ ಇಂಜಿನ್‌ನಲ್ಲಿ ಹಾಗೆ ಸಿಗುವುದಿಲ್ಲ. ಅದಕ್ಕೇ ಬೇರೆ ಪಂಪ್. ಡೈನಮೊ ಶಾಫ್ಟ್‌ನ ಹಿಂದಿನ ತುದಿಯಲ್ಲಿ ಪಂಪ್‌ನ ರೋಟರ್ ಕೂತಿರುತ್ತದೆ. ರೋಟರ್ ಸೀಳುಗಳಲ್ಲಿ ಪತ್ತಿಗಳು, ಅಂದರೆ ಗಾಳಿ ಎಳೆಯುವ ಚಪ್ಪಟೆ ಪಟ್ಟಿಗಳು, ಜಾರಾಡುತ್ತವೆ. ಇಂಜಿನ್ ಆಯಿಲ್ ಸಣ್ಣ ಪೈಪ್‌ನಲ್ಲಿ ಪ್ರೆಶರ್‌ನಿಂದ ಒಳಗೆ ಬರುತ್ತದೆ, ಪತ್ತಿಗಳಿಗೆ ಜಾರಿಕೆ ಕೊಡುತ್ತದೆ, ಸಂದಿಯನ್ನೂ ಮುಚ್ಚುತ್ತದೆ. ಕೆಲಸ ಮುಗಿದ ಆಯಿಲ್ ದಪ್ಪ ರಬ್ಬರ್ ಪೈಪ್‌ನಲ್ಲಿ ತಾನಾಗಿ ಇಳಿದು ಇಂಜಿನ್ ಕೆಳಗಿನ ಆಯಿಲ್ ಚೇಂಬರ್‌ಗೆ ವಾಪಸ್ ಹೋಗುತ್ತದೆ. ಆ ಇಳಿಯುವ ದಾರಿ ಕಟ್ಟಿದರೆ ಪಂಪ್ ಒಳಗೆ ಆಯಿಲ್ ತುಂಬುತ್ತದೆ. ತುಂಬಿದ ಆಯಿಲ್ ಸೀಲ್ ದಾಟಿ ಡೈನಮೊಗೆ ನುಗ್ಗುತ್ತದೆ. ಕಾರ್ಬನ್ ಬ್ರಷ್ ಆಯಿಲ್‌ನಲ್ಲಿ ನೆನೆದರೆ ಚಾರ್ಜಿಂಗ್ ಕುಗ್ಗುತ್ತದೆ. ನಿನ್ನ ಲೈಟ್ ಮಿಣುಕಲು ಅದೇ ಕಾರಣ ಇರಬಹುದು.

ಈಗ ಆಯಿಲ್ ಎಲ್ಲಿಂದ ಹೊರಡುತ್ತಿದೆ ಅಂತ ಕಣ್ಣಾರೆ ನೋಡು. ಗಾಡಿ ತಣ್ಣಗಿರುವಾಗ ಬ್ಯಾಟರಿಯ ನೆಗೆಟಿವ್ ತೆಗೆ, ಯಾಕೆಂದರೆ ಡೈನಮೊದ ದಪ್ಪ ವೈರ್‌ನಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಪಂಪ್, ಪೈಪ್, ಬ್ರಾಕೆಟ್ ಎಲ್ಲ ಒರೆಸು. ಡೈನಮೊ ಮೇಲೆ ನೀರು ಹೊಡೆಯಬೇಡ. ಚೆನ್ನಾಗಿ ಒಣಗಿದ ಮೇಲೆ ಸುತ್ತ ಟಾಲ್ಕಂ ಪೌಡರ್ ಉದುರಿಸು. ಬ್ಯಾಟರಿ ಜೋಡಿಸಿ ಸ್ಟಾರ್ಟ್ ಮಾಡಿ, ಟಾರ್ಚ್ ಹಿಡಿದು ನೋಡುತ್ತಾ ಇರು. ಶರ್ಟ್ ತೋಳು ಬೆಲ್ಟ್‌ನಿಂದ ದೂರ ಇರಲಿ. ಬಿಳಿ ಪೌಡರ್ ಮೊದಲು ಎಲ್ಲಿ ಕಪ್ಪಾಗುತ್ತದೋ ಅಲ್ಲೇ ರೋಗ. ಬೋಲ್ಟ್ ಬುಡದಲ್ಲಿ ಕಪ್ಪಾದರೆ ವಾಷರ್. ಪಂಪ್ ಕೂತಿರುವ ಜೋಡಣೆಯಲ್ಲಾದರೆ ಅಲ್ಲಿನ ರಬ್ಬರ್ ಉಂಗುರ, ಓ-ರಿಂಗ್. ಡೈನಮೊದ ಗಾಳಿ ಕಿಂಡಿಯಿಂದ ಆಯಿಲ್ ಬಂದರೆ ಸೀಲ್.

ಇನ್ನೊಂದು ಪರೀಕ್ಷೆ ತುಂಬಾ ಜನ ಬಿಡುತ್ತಾರೆ. ಗಾಡಿ ನಿಂತಿದ್ದು ಇಂಜಿನ್ ಸ್ಲೋನಲ್ಲಿ ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ಬಾಯಿ ಮೇಲೆ ಸುಮ್ನೆ ಇಡು. ಅದು ಕುಣಿದರೆ, ಹೊಗೆ ದಬದಬ ಬಂದರೆ, ಒಳಗೆ ಗಾಳಿಯ ಒತ್ತಡ ಜಾಸ್ತಿ. ಇಂಜಿನ್ ಒಳಗಿನ ಗಾಳಿ ಹೊರಗೆ ಬಿಡುವ ಬ್ರೀದರ್ ಪೈಪ್ ಕಟ್ಟಿದ್ದರೂ ಹೀಗಾಗುತ್ತದೆ, ಪಿಸ್ಟನ್ ರಿಂಗ್ ಸವೆದಿದ್ದರೂ ಆಗುತ್ತದೆ. ಅದನ್ನು ಸರಿ ಮಾಡದೆ ಹೊಸ ಪಂಪ್ ಹಾಕಿದರೆ ಹೊಸ ಪಂಪೂ ಸೋರುತ್ತದೆ. ಗಿರಾಕಿ ಆಮೇಲೆ ಪಾರ್ಟ್ ಕಳಪೆ ಅಂತ ಬೈಯುತ್ತಾರೆ. ನನಗೆ ಅದು ನಿಜಕ್ಕೂ ಬೇಜಾರು ತರುವ ವಿಷಯ, ಪಾಪದ ಡ್ರೈವರ್ ದುಡ್ಡು ಎರಡು ಸಲ ಹೋಗುತ್ತದೆ.

ಇದು ಮುಗಿಯುವವರೆಗೆ ಘಾಟ್ ಇಳಿಯಬೇಡ. ಬಾಡಿಗೆ ಬಿಟ್ಟರೂ ಪರವಾಗಿಲ್ಲ. ವ್ಯಾಕ್ಯೂಮ್ ಹೋದರೆ ಬ್ರೇಕ್ ಪೂರ್ತಿ ಹೋಗುವುದಿಲ್ಲ ನಿಜ, ಆದರೆ ಲೋಡ್ ಗಾಡಿಯಲ್ಲಿ ಎರಡೂ ಕಾಲಲ್ಲಿ ಒತ್ತಿದರೂ ಬೇಕಾದ ಜಾಗಕ್ಕೆ ನಿಲ್ಲುವುದಿಲ್ಲ.

ಮಡಗಾಂವ್ ಡ್ರೈವರ್:

ನನ್ನ ಗಾಡಿಯಲ್ಲಿ ಪಂಪ್ ಡೈನಮೊ ಹಿಂದೆ ಇಲ್ಲ, ಇಂಜಿನ್ ಹೆಡ್ ಪಕ್ಕಕ್ಕೆ ಕೂತಿದೆ. ಅಲ್ಲೂ ಆಯಿಲ್ ಜಿನುಗುತ್ತಿದೆ. ಇದೇ ಲೆಕ್ಕ ನಡೆಯುತ್ತದಾ? ಅನಮೋಡ್ ಘಾಟ್ ದಾರಿಯಲ್ಲಿ ಓಡಿಸುತ್ತೇನೆ, ಅದಕ್ಕೇ ಕೇಳಿದೆ.

ಭೋಸರಿ ಗ್ಯಾರೇಜ್:

ನಿಮ್ಮದು ಕ್ಯಾಮ್‌ಶಾಫ್ಟ್ ತುದಿಯಿಂದ ತಿರುಗುವ ಪಂಪ್ ಇರಬೇಕು. ಅದರಲ್ಲಿ ಡೈನಮೊ ಕೆಡುವ ಮಾತಿಲ್ಲ. ಹೆಚ್ಚಾಗಿ ಪಂಪ್‌ಗೂ ಹೆಡ್‌ಗೂ ನಡುವಿನ ಪ್ಯಾಕಿಂಗ್ ಅಥವಾ ಓ-ರಿಂಗ್ ಗಟ್ಟಿಯಾಗಿ ಸೋರುತ್ತದೆ. ಪಂಪ್ ಬಿಚ್ಚಿ, ಹಳೆ ಪ್ಯಾಕಿಂಗ್ ಪೂರ್ತಿ ತೆಗೆದು, ಅದು ಕೂರುವ ಮುಖ ಒರೆಸಿ ಹೊಸದು ಹಾಕಿ. ಅಲ್ಯೂಮಿನಿಯಂ ಮುಖಕ್ಕೆ ಸ್ಕ್ರೂಡ್ರೈವರ್‌ನಿಂದ ಗೀರು ಮಾಡಬೇಡಿ. ಸಿಲಿಕಾನ್ ಪೇಸ್ಟ್ ಬಳಿಯಲು ಯಾರಿಗೂ ಬಿಡಬೇಡಿ. ಬಿಗಿ ಮಾಡಿದಾಗ ಅದು ಒಳಕ್ಕೆ ಒತ್ತಿಕೊಂಡು ಆಯಿಲ್ ಬರುವ ಸಣ್ಣ ತೂತಿಗೆ ಅಡ್ಡ ಬರುತ್ತದೆ. ಆಯಿಲ್ ಸಿಗದ ಪಂಪ್ ಜಾಮ್ ಆಗುತ್ತದೆ.

ಹಡಪ್ಸರ್ ಪಿಕಪ್:

ಅಣ್ಣಾ, ನೀವು ಹೇಳಿದ ಹಾಗೇ ಮಾಡಿದೆ. ಮೇಲಿನ ಬೋಲ್ಟ್ ಹತ್ತಿರ ಪೌಡರ್ ಬೆಳ್ಳಗೇ ಇತ್ತು. ಡೈನಮೊ ಕಿಂಡಿಯ ಕೆಳಗೆ ಮೊದಲು ಕಂದು ಗೆರೆ, ಆಮೇಲೆ ಹನಿ. ಆಯಿಲ್ ಮುಚ್ಚಳ ಕುಣಿಯಿತು. ಬ್ರೀದರ್ ಪೈಪ್ ಬಿಚ್ಚಿದರೆ ಒಳಗೆಲ್ಲ ಕಪ್ಪು ಮಡ್ಡಿ, ಊದಿದರೂ ಗಾಳಿ ಹೋಗಲಿಲ್ಲ. ಅದನ್ನು ತೊಳೆದು ಹಾಕಿದ ಮೇಲೆ ಮುಚ್ಚಳ ಅಲ್ಲಾಡದೆ ಕೂತಿದೆ.

ಡೈನಮೊ ಇಳಿಸಿ ಬಿಚ್ಚಿಸಿದೆ. ಶಾಫ್ಟ್ ಮೇಲೆ ಸೀಲ್ ತುಟಿ ಉಜ್ಜಿ ಉಂಗುರದ ಹಾಗೆ ಗೆರೆ ಬಿದ್ದಿದೆ, ಉಗುರು ಆಡಿಸಿದರೆ ತಗಲುತ್ತದೆ. ಹಿಂದಿನ ಬೇರಿಂಗ್‌ನಲ್ಲಿ ಪ್ಲೇ ಇದೆ, ಅಲ್ಲಾಡುತ್ತದೆ. ವಾಪಸ್ ಪೈಪ್ ಮಧ್ಯದಲ್ಲಿ ಮೆತ್ತಗಾಗಿ ಚಪ್ಪಟೆಯಾಗಿದೆ. ಪತ್ತಿಗಳು ಚೆನ್ನಾಗಿವೆ ಅಂತ ಎಲೆಕ್ಟ್ರಿಷಿಯನ್ ಹೇಳಿದರು, ಪಂಪ್ ಒಳಗೂ ಗೀರಿಲ್ಲ. ಈಗ ಬರೀ ಸೀಲ್ ಹಾಕಿದರೆ ಸಾಕಾ?

ಭೋಸರಿ ಗ್ಯಾರೇಜ್:

ಬರೀ ಸೀಲ್ ಸಾಲದು. ಬೇರಿಂಗ್ ಮೊದಲು ಬದಲಿಸು. ಶಾಫ್ಟ್ ಅಲ್ಲಾಡುತ್ತಿದ್ದರೆ ಎಂಥ ಸೀಲ್ ಹಾಕಿದರೂ ತುಟಿ ಬೇಗ ಸವೆಯುತ್ತದೆ. ಶಾಫ್ಟ್ ಮೇಲಿನ ಗೆರೆ ಆಳ ಇಲ್ಲದಿದ್ದರೆ, ಸೀಲ್ ಕೂರುವ ಜಾಗದಲ್ಲಿ ಅವಕಾಶ ಇದ್ದರೆ, ಹೊಸ ಸೀಲನ್ನು ಹಳೆಯದಕ್ಕಿಂತ ಸುಮಾರು 1 ಮಿಲಿಮೀಟರ್ ಆಚೀಚೆ ಕೂರಿಸಲಿ. ತುಟಿ ಹೊಸ ಜಾಗ ಹಿಡಿಯುತ್ತದೆ. ಗೆರೆ ಆಳ ಇದ್ದರೆ ಶಾಫ್ಟ್ ಸಮೇತ ಡೈನಮೊದ ರೋಟರ್ ಬದಲಿಸಬೇಕು. ಸೀಲ್‌ನ ಸ್ಪ್ರಿಂಗ್ ಇರುವ ಕಡೆ ಆಯಿಲ್ ಕಡೆಗೆ, ಅಂದರೆ ಪಂಪ್ ಕಡೆಗೆ ಇರಬೇಕು. ತುಟಿಗೆ ಸ್ವಲ್ಪ ಆಯಿಲ್ ಸವರಿ ಹಾಕಿ. ಸುತ್ತಿಗೆಯಿಂದ ಹೊಡೆಯದೆ, ಸರಿ ಅಳತೆಯ ಸಾಕೆಟ್ ಇಟ್ಟು ಸಮವಾಗಿ ಒತ್ತಲಿ.

ಪತ್ತಿಗಳ ದುಂಡಗಿನ ಅಂಚು ಹೊರಗೆ, ಗೋಡೆ ಕಡೆಗೆ. ಉಲ್ಟಾ ಹಾಕಿದರೆ ಗೋಡೆಯೇ ಸವೆಯುತ್ತದೆ. ಪಂಪ್ ಮುಚ್ಚುವ ಮೊದಲು ಒಳಗೆ ಚಮಚದಷ್ಟು ಇಂಜಿನ್ ಆಯಿಲ್ ಬಿಡಿ, ಒಣ ಪಂಪ್ ತಿರುಗಬಾರದು. ಓ-ರಿಂಗ್, ಕಾರ್ಬನ್ ಬ್ರಷ್, ತಾಮ್ರದ ವಾಷರ್ ಎಲ್ಲ ಹೊಸದು. ತೀರಾ ಸಿಗದಿದ್ದರೆ ಹಳೆ ತಾಮ್ರದ ವಾಷರನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗುತ್ತದೆ, ಅದು ಮನೆ ಮುಟ್ಟುವವರೆಗಿನ ಉಪಾಯ.

ವಾಪಸ್ ಪೈಪ್ ಮೆತ್ತಗಾಗಿದೆ ಅಂದರೆ ಯಾರೋ ನೀರಿನ ಪೈಪ್ ತುಂಡು ಹಾಕಿರಬಹುದು. ನಾನಾ ಪೇಠ್‌ನಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಸಾಲೇ ಇದೆ, ಆಯಿಲ್‌ಗೆ ತಡೆಯುವ ಪೈಪ್ ಅಂತ ಬಾಯಿಬಿಟ್ಟು ಕೇಳಿ ತಗೋ. ಎಲ್ಲೂ ಮಡಚದೆ ಕೆಳಮುಖವಾಗಿ ಇಳಿಯಬೇಕು.

ಬೂಸ್ಟರ್‌ಗೆ ಹೋಗುವ ಪೈಪ್ ಬಿಚ್ಚಿ ಬೆರಳು ಹಾಕಿ ನೋಡು. ಆಯಿಲ್ ಅಂಟಿದರೆ ಬೂಸ್ಟರ್ ಒಳಗಿನ ರಬ್ಬರ್‌ಗೂ ತಗಲಿರಬಹುದು, ಬಿಚ್ಚಿಸಿ ನೋಡಬೇಕು. ಪಂಪ್‌ಗೂ ಬೂಸ್ಟರ್‌ಗೂ ನಡುವಿನ ವಾಲ್ವ್‌ನಲ್ಲಿ ಗಾಳಿ ಒಂದೇ ಕಡೆ ಹೋಗಬೇಕು. ಎರಡೂ ಕಡೆ ಹೋದರೆ ಇಂಜಿನ್ ನಿಲ್ಲಿಸಿದೊಡನೆ ವ್ಯಾಕ್ಯೂಮ್ ಖಾಲಿ. ಬೆಳಿಗ್ಗೆ ನಿನ್ನ ಪೆಡಲ್ ಗಟ್ಟಿ ಇರಲು ಅದೂ ಸೇರಿರಬಹುದು.

ವಾಶಿ ಟೆಂಪೊ:

ಜೋಡಿಸಿದ ಮೇಲೆ ವ್ಯಾಕ್ಯೂಮ್ ಅಳೆಯುವ ಗೇಜ್ ಹಾಕಿಸಿ ನೋಡಿ. ನನ್ನದು 700 ತೋರಿಸಿತ್ತು.

ಭೋಸರಿ ಗ್ಯಾರೇಜ್:

ವಾಶಿಯ 700 ಪುಣೆಯಲ್ಲಿ ಬರುವುದಿಲ್ಲ, ಅದಕ್ಕೆ ಗಾಬರಿ ಬೇಡ. ವಾಶಿ ಇರುವುದು ಸಮುದ್ರದ ಮಟ್ಟದಲ್ಲಿ, ಅಲ್ಲಿ ಗಾಳಿಯ ಒತ್ತಡ ಸುಮಾರು 760 ಮಿಲಿಮೀಟರ್ ಪಾದರಸ. ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿದೆ, ಇಲ್ಲಿ ಒತ್ತಡವೇ 710ರ ಹತ್ತಿರ. ಹಾಗಾಗಿ ಅದೇ ಪಂಪ್ ಇಲ್ಲಿ ಸುಮಾರು 50 ಕಮ್ಮಿ ತೋರಿಸುತ್ತದೆ. ಸಮುದ್ರ ಮಟ್ಟದ ಲೆಕ್ಕ ಇಲ್ಲಿಗೆ ಹಚ್ಚಿ ಒಳ್ಳೆ ಪಂಪ್ ಕಿತ್ತೆಸೆಯುವುದನ್ನು ನೋಡಿದ್ದೇನೆ.

ಗೇಜ್ ಇಲ್ಲದಿದ್ದರೆ ಕಾಲೇ ಸಾಕು. ಇಂಜಿನ್ ಆಫ್ ಇರುವಾಗ ಪೆಡಲ್ ಗಟ್ಟಿಯಾಗುವವರೆಗೆ ಒತ್ತು. ಒತ್ತಿ ಹಿಡಿದೇ ಸ್ಟಾರ್ಟ್ ಮಾಡು. ಕಾಲ ಕೆಳಗೆ ಪೆಡಲ್ ಸ್ವಲ್ಪ ಇಳಿಯಬೇಕು.

ಹಡಪ್ಸರ್ ಪಿಕಪ್:

ಕೆಲಸ ಮುಗಿಯಿತು ಅಣ್ಣಾ. ಬೇರಿಂಗ್, ಸೀಲ್, ಓ-ರಿಂಗ್, ಬ್ರಷ್, ವಾಪಸ್ ಪೈಪ್, ತಾಮ್ರದ ವಾಷರ್. ಶಾಫ್ಟ್ ಗೆರೆ ಆಳ ಇರಲಿಲ್ಲ, ಸೀಲ್ ಸ್ವಲ್ಪ ಸರಿಸಿ ಕೂರಿಸಿದರು. ಆ ವಾಲ್ವ್‌ನಲ್ಲಿ ಗಾಳಿ ಎರಡೂ ಕಡೆ ಹೋಗುತ್ತಿತ್ತು, ಅದನ್ನೂ ಬದಲಿಸಿದೆ. ಬೂಸ್ಟರ್ ಪೈಪ್ ಒಣಗಿತ್ತು, ದೇವರು ದೊಡ್ಡವನು. ಗೇಜ್‌ನಲ್ಲಿ 650 ಬಂತು, ಪೆಡಲ್ ನೀವು ಹೇಳಿದಂತೆ ಇಳಿಯಿತು, ಬ್ಯಾಟರಿ ಲೈಟ್ ಮಿಣುಕುತ್ತಿಲ್ಲ. ಪಂಪ್ ಹಳೆಯದೇ. ಸಾಸ್ವಡ್‌ವರೆಗೆ ಲೋಡ್ ಹಾಕಿ ದಿವೆ ಘಾಟ್ ಹತ್ತಿಳಿದು ಬಂದೆ, ಕಿಂಡಿ ಒಣಗೇ ಇದೆ. ನಾಳೆ ರಾತ್ರಿ ವಾಶಿಗೆ ಹೊರಡುತ್ತೇನೆ.

ಭೋಸರಿ ಗ್ಯಾರೇಜ್:

ಒಳ್ಳೆಯದಾಯಿತು ತಮ್ಮಾ. ಹೊರಡುವ ಮೊದಲು ಗಾಡಿ ಸಮ ನೆಲದಲ್ಲಿ ನಿಲ್ಲಿಸಿ ಡಿಪ್ ಸ್ಟಿಕ್ ನೋಡು. ಸೋರಿದ್ದಷ್ಟು ಆಯಿಲ್ ತುಂಬು, ಮೇಲಿನ ಗುರುತು ದಾಟಬಾರದು. ಘಾಟ್‌ನಲ್ಲಿ ಕೆಳ ಗೇರ್‌ನಲ್ಲೇ ಇಳಿ. ಡೀಸೆಲ್ ಉಳಿಯುತ್ತದೆ ಅಂತ ನ್ಯೂಟ್ರಲ್ ಮಾಡುವುದಾಗಲಿ, ಇಂಜಿನ್ ಆಫ್ ಮಾಡುವುದಾಗಲಿ ಬೇಡವೇ ಬೇಡ. ಇಂಜಿನ್ ನಿಂತರೆ ಪಂಪೂ ನಿಂತಿತು. ವಾಶಿ ಮುಟ್ಟಿದ ಮೇಲೆ ಡೈನಮೊ ಕೆಳಗೆ ಒಮ್ಮೆ ಕೈ ಆಡಿಸಿ ನೋಡಿ ಇಲ್ಲಿ ಬರೆ.