ಟ್ರಾಫಿಕ್‌ನವ್ರು ಕೀ ಕಿತ್ಕೊಂಡು ಏಕವಚನದಲ್ಲಿ ಬೈದ್ರು, ಕಂಪ್ಲೇಂಟ್ ಕೊಟ್ಟವ್ರು ಯಾರಾದ್ರೂ ಇದೀರಾ? ಅನುಭವ ಹೇಳಿ

ಆಕ್ಟಿವಾ ಸವಾರ
ಎಲ್ರಿಗೂ ನಮಸ್ಕಾರ. ಬೆಂಗಳೂರು. ಹೋದ ಗುರುವಾರ ಸಂಜೆ ಅಮ್ಮನ್ನ ಕಣ್ಣಿನ ಡಾಕ್ಟ್ರ ಹತ್ರ ತೋರಿಸ್ಕೊಂಡು ವಾಪಸ್ ಬರ್ತಿದ್ದೆ. ಡ್ರಾಪ್ಸ್ ಹಾಕಿದ್ರು, ಹೆಲ್ಮೆಟ್ ಒತ್ತುತ್ತೆ ಅಂತ ಅಮ್ಮ ತೆಗ್ದು ತೊಡೆ ಮೇಲೆ ಇಟ್ಕೊಂಡಿದ್ರು. ತಪ್ಪು ನಮ್ದೇ, 500 ಕಟ್ಟೋಕೆ ರೆಡಿ ಇದ್ದೆ. ಆದ್ರೆ ಗಾಡಿ ಪೂರ್ತಿ ನಿಲ್ಲೋಕ್ ಮುಂಚೆನೇ ಹೋಮ್‌ಗಾರ್ಡ್ ಒಬ್ರು ಕೈ ಹಾಕಿ ಕೀ ಕಿತ್ಕೊಂಡ್ರು, ಗಾಡಿ ವಾಲ್ತು, ಅಮ್ಮ ಬಿದ್ದೇಬಿಡೋರು. ಯಾಕ್ ಸಾರ್ ಹಿಂಗೆ ಅಂದಿದ್ದಕ್ಕೆ ಎಎಸ್ಐ ಬಂದು "ಏನೋ, ನಂಗೇ ರೂಲ್ಸ್ ಹೇಳ್ತೀಯಾ, ನಿಮ್ಮಮ್ಮನ್ ಮುಂದೆನೇ ಬಾರಿಸ್ಲಾ" ಅಂದ್ರು. ವಿಡಿಯೋ ಆನ್ ಮಾಡಿದೆ. ಫೋನ್ ಕಿತ್ಕೊಂಡು, ನನ್ ಕೈಲೇ ಲಾಕ್ ತೆಗೆಸಿ ಡಿಲೀಟ್ ಮಾಡಿದ್ರು. 40 ನಿಮಿಷ ನಿಲ್ಸಿದ್ರು. ಆ ಕೀ ಗೊಂಚಲಲ್ಲೇ ಮನೆ ಬೀಗದ ಕೈಯೂ ಇತ್ತು, ಅಮ್ಮನ್ನ ಆಟೋದಲ್ಲೂ ಕಳ್ಸೋ ಹಂಗಿಲ್ಲ.
ಕೇಳೋದು ಇಷ್ಟೇ. ಕಂಪ್ಲೇಂಟ್ ಎಲ್ಲಿ ಕೊಡ್ಬೇಕು, ವಿಡಿಯೋ ಇಲ್ದೆ ನಡಿಯುತ್ತಾ, ಆಮೇಲೆ ನನ್ ಮೇಲೇ ಕೇಸ್ ತಿರುಗಿಸ್ತಾರಾ? ಸ್ಟೇಷನ್ ಹೆಸ್ರು ಸದ್ಯಕ್ಕೆ ಹಾಕಲ್ಲ.

ಹಳೇ ಸ್ಪ್ಲೆಂಡರ್
ಬ್ರದರ್, ಇದನ್ನ ನನ್ನಷ್ಟು ಅನುಭವಿಸಿದವ್ರು ಇಲ್ಲಿ ಯಾರೂ ಇಲ್ಲ, 14 ತಿಂಗ್ಳು ಓಡಾಡಿದೀನಿ. 2023 ಫೆಬ್ರವರಿಯಲ್ಲಿ ಹಳೇ ಫೈನಿಗೆ 50 ಪರ್ಸೆಂಟ್ ರಿಯಾಯಿತಿ ಬಿಟ್ಟಿದ್ರಲ್ಲ, 11ನೇ ತಾರೀಖು ಮುಗೀತು, ಅದರ ಮುಂದಿನ ವಾರ ಟ್ರಾಫಿಕ್‌ನವ್ರು ನನ್ನ ನಿಲ್ಸಿದ್ರು. ನಾನು ಎಲ್ಲಾ ಅರ್ಧಕ್ಕೆ ಕಟ್ಟಿ ರಸೀದಿ ಜೇಬಲ್ಲೇ ಇಟ್ಕೊಂಡು ಓಡಾಡ್ತಿದ್ದೆ. ಅವ್ರ ಮಷೀನಲ್ಲಿ ಇನ್ನೂ 2,500 ಬಾಕಿ ತೋರಿಸ್ತಿತ್ತು. ರಸೀದಿ ಕೊಟ್ಟೆ. ನೋಡಿದ್ರು, ಹರಿದ್ರು. ನಾಲ್ಕು ಚೂರು, ನನ್ ಕಣ್ಣೆದುರಿಗೇ. ನಾನು ಬಗ್ಗಿ ಆ ಚೂರು ಆರಿಸ್ಕೊಳ್ತಿರೋವಾಗ ಹಿಂದಿಂದ ನಕ್ಕಿದ್ದು ಈಗ್ಲೂ ಕೇಳುತ್ತೆ. ಮನೇಗೆ ಬಂದು ಸೆಲ್ಲೋ ಟೇಪ್ ಹಾಕಿ ಅಂಟಿಸ್ದೆ, ಒಂದು ಮೂಲೆ ಸಿಗ್ಲೇ ಇಲ್ಲ.
ಡಿಸಿಪಿ ಆಫೀಸಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳೋಕೇ ಮೂರು ಸಲ ಹೋದೆ. ಸಿಗ್ನಲ್ ಕ್ಯಾಮೆರಾ ದೃಶ್ಯ ಬೇಕು ಅಂತ ಆರ್‌ಟಿಐ ಹಾಕ್ದೆ, 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು. ವಾಪಸ್ ಬಂತು. ನಮ್ ರಾಜ್ಯದ ರೂಲ್ಸಲ್ಲಿ ಅರ್ಜಿ 150 ಪದ ಮೀರ್ಬಾರ್ದಂತೆ, ಒಂದೇ ವಿಷಯ ಇರ್ಬೇಕಂತೆ. ನಂದು 212 ಪದ. ರಾತ್ರಿ ಕೂತು ಒಂದೊಂದೇ ಪದ ಹೊಡೆದಾಕಿ 148ಕ್ಕೆ ತಂದೆ, "ದಯವಿಟ್ಟು" ಕೂಡ ತೆಗ್ದೆ. ಅದಕ್ಕೆ ಉತ್ತರ ಬರೋಷ್ಟ್ರಲ್ಲಿ ದೃಶ್ಯಾವಳಿ ಲಭ್ಯವಿರುವುದಿಲ್ಲ ಅಂದ್ರು. ಖರ್ಚು: ಸಂಬಳ ಕಟ್ಟಾದ ರಜೆ 6 ದಿನ, ಜೆರಾಕ್ಸ್ 340, ಸ್ಪೀಡ್ ಪೋಸ್ಟ್ ಊರಿಂದ ಬೆಂಗಳೂರಿಗೆ 41.30ರಂತೆ 7 ಸಲ, ಟೈಪಿಂಗ್ 180. ಕೊನೆಗೆ ಸಿಕ್ಕಿದ್ದು ಒಂದೂವರೆ ಸಾಲಿನ ಹಿಂಬರಹ, ಆರೋಪ ಸಾಬೀತಾಗದ ಕಾರಣ ಅರ್ಜಿ ಮುಕ್ತಾಯ ಅಂತ. ಆದ್ರೂ ಹೇಳ್ತೀನಿ, ಕೊಡು. ಆ ಮನುಷ್ಯ ವಿಚಾರಣೆಗೆ ಎರಡು ಸಲ ಬಂದು ನನ್ ಪಕ್ಕದ ಬೆಂಚಲ್ಲಿ ಕಾದಿದ್ದಾನೆ, ಅಷ್ಟು ಸಾಕು ನಂಗೆ.

ಹಳದಿ ಬೋರ್ಡ್
14 ತಿಂಗ್ಳು ಓಡಾಡಿ ಅವ್ನನ್ನ ಬೆಂಚ್ ಮೇಲೆ ಕೂರ್ಸಿದ್ಯಾ, ಸಂತೋಷ ಅಣ್ಣ. ನಿಂಗ್ ತಿಂಗ್ಳಾದ್ರೆ ಸಂಬ್ಳ ಬೀಳುತ್ತೆ. ನಾನು ಟ್ಯಾಕ್ಸಿ ಓಡಿಸೋನು, ದಿನಕ್ಕೆ ಇಎಂಐ ಲೆಕ್ಕಾನೇ 620, ಗ್ಯಾಸ್ ಬೇರೆ. ನಿಲ್ಸಿದ ತಕ್ಷಣ ಇಳಿದು ಹೋಗಿ ನಮಸ್ಕಾರ ಸಾರ್ ಅಂತೀನಿ, ಏನೋ ಅಂದ್ರೂ ಸರಿ, ಏನಲೇ ಅಂದ್ರೂ ಸರಿ. ಒಂದ್ಸಲ ನಾನೂ ನಿಮ್ ತರನೇ ಮಾತಾಡ್ದೆ. ಏರ್‌ಪೋರ್ಟ್ ಟ್ರಿಪ್ಪು, ಹಿಂದೆ ಪ್ಯಾಸೆಂಜರ್. ಯೂನಿಫಾರ್ಮ್ ಗುಂಡಿ ಹಾಕಿಲ್ಲ ಅಂದ್ರು, ಸೆಕೆ ಸಾರ್ ಅಂದೆ. ಅಷ್ಟಕ್ಕೇ ಪರ್ಮಿಟ್ ತೆಗಿ, ಎಮಿಷನ್ ತೆಗಿ, ಫಸ್ಟ್ ಏಡ್ ಬಾಕ್ಸ್ ತೋರ್ಸು, ಬಾಕ್ಸಲ್ಲಿ ಡೆಟಾಲ್ ಎಲ್ಲಿ. 25 ನಿಮಿಷ. ಪ್ಯಾಸೆಂಜರ್ ಇಳಿದು ಬೇರೆ ಗಾಡಿ ಹತ್ಕೊಂಡು ಹೋದ್ರು, ಆ ಟ್ರಿಪ್ 940 ಹೋಯ್ತು, ಮೇಲೆ ಒಂದು ಸ್ಟಾರ್ ಹಾಕಿದ್ರು, ರೇಟಿಂಗ್ ಬಿದ್ದು ಎರಡು ವಾರ ಒಳ್ಳೇ ಟ್ರಿಪ್ಪೇ ಬೀಳ್ಲಿಲ್ಲ. ಎಲ್ಲಾ ಸೇರ್ಸಿದ್ರೆ ಒಂದು ಮಾತಿಗೆ ಆರೇಳು ಸಾವ್ರ. ಅವತ್ತಿಂದ ಗುಂಡಿ ಕತ್ತಿನ್ ತನಕ ಹಾಕ್ತೀನಿ. ಮರ್ಯಾದೆ ಅನ್ನೋದು ಇಎಂಐ ಮುಗಿದವ್ರಿಗೆ.

ಹಳೇ ಸ್ಪ್ಲೆಂಡರ್
ನಿಮ್ಮಂಥವ್ರು ಬಗ್ಗಿ ಬಗ್ಗಿನೇ ಅವ್ರು ತಲೆ ಮೇಲೆ ಕೂತಿರೋದು.

ಹಳದಿ ಬೋರ್ಡ್
ಬಗ್ಗಿ ಚೂರು ಆರಿಸ್ಕೊಂಡಿದ್ದು ಯಾರು ಸಾರ್?

ಹುಬ್ಬಳ್ಳಿ ಗಿರಮಿಟ್ಟ
ಜಗಳ ಆಮ್ಯಾಲೆ ಮಾಡ್ರಿ, ಮೊದ್ಲ ನಂದ ಕೇಳ್ರಿ. 2021ರಾಗ, ಲಾಕ್‌ಡೌನ್ ವ್ಯಾಳ್ಯಾಕ್ಕ ನಮ್ಮ ತಮ್ಮ ಔಷಧ ತರಾಕ ಹೋಗಿದ್ದ. ಚೀಟಿ ತೋರಿಸಿದ್ರೂ ಲಾಠಿ ಬೀಸಿದ್ರು, ಮೊಣಕೈ ಬಾತು ಬದನಿಕಾಯಿ ಆಗಿತ್ತು. ನಾವು ಸುಮ್ನ ಬಿಡಲಿಲ್ಲ, ಸರ್ಕಾರಿ ದವಾಖಾನಿಗೆ ಹೋಗಿ ಎಂಎಲ್‌ಸಿ, ಅಂದ್ರ ಪೊಲೀಸ್ ಕೇಸಿಗೆ ಬೇಕಾಗೂ ಗಾಯದ ದಾಖಲೆ, ಮಾಡಿಸಿದ್ವಿ. ಡಾಕ್ಟರ್ ಬರೀಲಿಕ್ಕೆ ಒಲ್ಲೆ ಅಂದ್ರು, "ಬಿದ್ದಿದ್ದು ಅಂತ ಬರಿಲೇನು" ಅಂತ ಕೇಳಿದ್ರು. ಹಟ ಹಿಡದು ಬರೆಸಿದ್ವಿ. ನಾವು ಕಂಪ್ಲೇಂಟ್ ಕೊಟ್ಟಿದ್ದು ಮಧ್ಯಾಹ್ನ 3ಕ್ಕ. ಸಂಜಿ 6ಕ್ಕ ತಮ್ಮನ ಮ್ಯಾಲ ಐಪಿಸಿ 353 ಕೇಸ್. ಸರ್ಕಾರಿ ನೌಕರನ ಮ್ಯಾಲ ಕೈ ಮಾಡ್ಯಾನ ಅಂತ. ಮೊಣಕೈ ಮಡಚಾಕ ಬರವಲ್ದು, ಕೈ ಹೆಂಗ ಮಾಡ್ತಾನ್ರಿ?
ನಿರೀಕ್ಷಣಾ ಜಾಮೀನಿಗೆ ವಕೀಲರ ಫೀ 35,000. ಶ್ಯೂರಿಟಿಗೆ ನಮ್ಮ ಕಾಕಾ ಹೊಲದ ಉತಾರಿ (ಪಹಣಿ) ಕೊಡಬೇಕಾತು, ಅದನ್ನ ಅಂವ ಇವತ್ತಿಗೂ ಪ್ರತಿ ಮದುವ್ಯಾಗ ಹೇಳ್ತಾನ. ತಮ್ಮಗ ದುಬೈದಾಗ ಕೆಲಸ ಆಗಿತ್ತು, ಪಾಸ್‌ಪೋರ್ಟ್ ವೆರಿಫಿಕೇಶನ್ನಿಗೆ ಅದ ಸ್ಟೇಷನ್ನಿನವರ ಬರೀಬೇಕು, ಕೇಸ್ ಐತಿ ಅಂತ ಬರದ್ರು, ಕೆಲಸ ಹೋತು. ಕಡೀಕ ಏನ ಆತು ಗೊತ್ತದನು? ಹಿರೇರು ನಡಬರಕ ಕುಂತು, ತಮ್ಮನ ಕಡಿಂದ ಕ್ಷಮಾಪಣಾ ಪತ್ರ ಬರೆಸಿಕೊಂಡು, ನಮ್ಮ ಕಂಪ್ಲೇಂಟ್ ವಾಪಸ್ ತಗಿಸಿ, ಅವರು ಕೇಸ್ ಮುಗಿಸೂ ಬಿ ರಿಪೋರ್ಟ್ ಹಾಕಿದ್ರು. ಹೊಡಿಸಿಕೊಂಡಾಂವನ ಕ್ಷಮಾ ಕೇಳ್ಯಾನ. ಈಗ 353 ಅನ್ನೂದು ಐಪಿಸಿ ಬದಲಿ ಬಂದ ಬಿಎನ್‌ಎಸ್‌ದಾಗ 132 ಆಗೇತಿ, ನಂಬರ್ ಅಷ್ಟ ಬದಲಿ.

ಖಾಕಿ ಮನೆ
ಎಲ್ಲಾ ಓದ್ದೆ. ನಮ್ಮನೆಯವ್ರು ಟ್ರಾಫಿಕ್ಕಲ್ಲೇ ಹೆಡ್ ಕಾನ್‌ಸ್ಟೇಬಲ್. ನಿಮ್ಮೆಲ್ಲರ ಕಥೇಲೂ ನೀವೇ ಪಾಪ. ಬೆಳಗ್ಗೆ 7ಕ್ಕೆ ಹೋದವ್ರು ರಾತ್ರಿ 10ಕ್ಕೆ ಬರ್ತಾರೆ, ಮೂಗು ಸೀನಿದ್ರೆ ಕರ್ಚೀಫ್ ಕಪ್ಪಗಾಗುತ್ತೆ, ಅದನ್ನ ಬಿಸಿನೀರಲ್ಲಿ ನೆನೆ ಹಾಕೋಳು ನಾನು. ಕಿವಿ ಮಂದ ಆಗಿದೆ, ಟಿವಿ ಸೌಂಡ್ 40ರಲ್ಲಿ ಇಡ್ತಾರೆ. ಹೋದ್ ವರ್ಷ ಒಬ್ಬ ಹುಡ್ಗ ನಿಲ್ಸು ಅಂದಿದ್ದಕ್ಕೆ ಕಾಲ ಮೇಲೇ ಬೈಕ್ ಹತ್ತಿಸ್ಕೊಂಡು ಹೋದ, ಬೆರಳಿಗೆ ರಾಡ್ ಹಾಕ್ಸಿದೀವಿ, ಬಿಲ್ 68,000 ಆಯ್ತು, ರಜೆ ಮಂಜೂರಾತಿಗೆ ಅಲೆದಿದ್ದು ಬೇರೆ ಕಥೆ. ಅವ್ರು ಎಲ್ಲಿ ಪೋಸ್ಟ್ ಹಾಕೋದು? ಕೀ ಯಾಕೆ ತೆಗೀತಾರೆ ಅಂದ್ರೆ ನೀವು ಓಡ್ಹೋಗ್ತೀರ ಅಂತ. ಹೆಲ್ಮೆಟ್ ತೊಡೆ ಮೇಲೆ ಇಟ್ಕೊಂಡು ನ್ಯಾಯ ಕೇಳೋಕೆ ಬಂದಿದ್ದಾರೆ.

ಮದ್ದೂರ್ ವಡೆ
ಅಮ್ಮ, ನಿಮ್ ಕಷ್ಟ ಒಪ್ತೀನಿ, ಆದ್ರೆ ಕೀ ವಿಷ್ಯ ಮಾತಾಡ್ಬೇಡಿ. 2025ರ ಮೇ ತಿಂಗ್ಳಲ್ಲಿ ನಮ್ ಮಂಡ್ಯದಲ್ಲೇ ಆಗಿದ್ದು ಮರ್ತ್ರಾ? ನಾಯಿ ಕಚ್ಚಿದ ಕೂಸನ್ನ ಆಸ್ಪತ್ರೆಗೆ ತಗೊಂಡ್ ಹೋಯ್ತಿದ್ರು, ಹೆಲ್ಮೆಟ್ ಅಂತ ಅಡ್ಡ ಹಾಕಿದ್ರು, ಬೈಕ್ ಬಿತ್ತು, ಕೂಸು ಹೋಯ್ತು. ಮೂರು ಜನ ಎಎಸ್ಐ ಸಸ್ಪೆಂಡ್ ಆದ್ರು. ಅದಾದ್ಮೇಲೇ ರಾಜ್ಯ ಪೊಲೀಸ್ ಮುಖ್ಯಸ್ಥರಾಗಿದ್ದ ಡಿಜಿ ಸಲೀಂ ಅವ್ರು ಏಕಾಏಕಿ ಅಡ್ಡ ಬರ್ಬೇಡಿ, ಕೀ ಕಿತ್ಕೋಬೇಡಿ ಅಂತ ಸುತ್ತೋಲೆ ಹೊರಡ್ಸಿದ್ದು. ನಾನು ಅವತ್ತು ಆಸ್ಪತ್ರೆ ಮುಂದೆ ಜನದ ಜೊತೆ ಕೂತಿದ್ದೋನು. ನಿಮ್ ಯಜಮಾನ್ರ ಕಾಲ್ಬೆರಳಿಗೂ ಅದಕ್ಕೂ ತಾಳೆ ಹಾಕ್ಬೇಡಿ.

ಖಾಕಿ ಮನೆ
ತಾಳೆ ಹಾಕಿಲ್ಲ. ಆ ಮಗು ಫೋಟೋ ನೋಡಿ ನಮ್ಮನೆಯವ್ರೂ ಊಟ ಬಿಟ್ಟಿದ್ರು. ಗೊತ್ತಿಲ್ದೆ ಮಾತಾಡ್ಬೇಡಿ.

ಕಲಂ ಕಾಕಾ
ಯಾರೂ ಕಾನೂನು ಹೇಳ್ತಿಲ್ಲ, ಬರೀ ಗೋಳು. ಒಂದು, ಸ್ಥಳದಲ್ಲಿ ದಂಡ ಹಾಕೋ ಅಧಿಕಾರ ಎಎಸ್ಐ ಮತ್ತು ಅದಕ್ಕಿಂತ ಮೇಲಿನವರಿಗೆ, ಹೋಮ್‌ಗಾರ್ಡ್‌ಗೆ ಕೀ ಮುಟ್ಟೋ ಹಕ್ಕೇ ಇಲ್ಲ. ಎರಡು, 2022ರ ಜೂನಲ್ಲಿ ಆಗಿನ ಡಿಜಿಪಿ ಪ್ರವೀಣ್ ಸೂದ್ ಅವರೇ ಹೇಳಿದ್ದಾರೆ, ಕಣ್ಣಿಗೆ ಕಾಣೋ ತಪ್ಪಿಲ್ದೆ ಬರೀ ಡಾಕ್ಯುಮೆಂಟ್ ನೋಡೋಕೆ ಗಾಡಿ ನಿಲ್ಸೋ ಹಂಗಿಲ್ಲ, ಕುಡಿದು ಓಡ್ಸೋದು ಬಿಟ್ಟು. ಮೂರು, ಸುಪ್ರೀಂ ಕೋರ್ಟಿನ 2006ರ ಪ್ರಕಾಶ್ ಸಿಂಗ್ ತೀರ್ಪಿನಿಂದ ಬಂದ ಪೊಲೀಸ್ ದೂರು ಪ್ರಾಧಿಕಾರ ನಮ್ಮಲ್ಲೂ ಇದೆ. ನಾನು ಅಲ್ಲೂ ಹೋಗಿದ್ದೆ, ಕೋರ್ಟಿಗೂ ಹೋಗಿದ್ದೆ. ಕರ್ನಾಟಕ ಪೊಲೀಸ್ ಕಾಯ್ದೆ 170ರ ಪ್ರಕಾರ, ಕರ್ತವ್ಯದ ನೆಪದಲ್ಲಿ ಮಾಡಿದ್ದಕ್ಕೂ ಸರ್ಕಾರದ ಮಂಜೂರಾತಿ ಬೇಕು ಅಂತ ನನ್ ಖಾಸಗಿ ದೂರು ಬಿದ್ದೋಯ್ತು. ನಾಲ್ಕು ವರ್ಷ. ವಕೀಲ್ರು ಮೂರು ಜನ ಬದಲಾದ್ರು, ಎರಡನೆಯವ್ರು ಫೈಲೇ ವಾಪಸ್ ಕೊಡ್ಲಿಲ್ಲ, ಫೀ ಬಾಕಿ 4,000 ಅಂತ.

ಹಳದಿ ಬೋರ್ಡ್
ಕಾಕಾ, ಪೋಸ್ಟ್ ಹಾಕಿದವ್ರದ್ದು ಹೆಲ್ಮೆಟ್ ತಪ್ಪು ಕಣ್ಣಿಗೆ ಕಾಣ್ತಿತ್ತಲ್ಲ, ಇಲ್ಲಿ ಸೂದ್ ಯಾಕ್ ಬಂದ್ರು?

ಕಲಂ ಕಾಕಾ
ನಾನು ಸಾಮಾನ್ಯ ತತ್ವ ಹೇಳಿದ್ದು.

ಕರಾವಳಿ ಅಕ್ಕ
ನಂಗೆ ಮೈಸೂರ್ ಕಡೆಯವರದ್ದು ಒಂದು ಅರ್ಥ ಆಗುದಿಲ್ಲ ಮಾರ್ರೆ, ಎಂತಕ್ಕೆ ಈ ಏಕವಚನ? ಕೋಪ ಬಂದ್ರೆ ಬೈಯಿರಿ, ಆದ್ರೆ "ನೀವು" ಹಾಕಿ ಬೈಬಹುದಲ್ವಾ. ನನ್ನನ್ನು ಬೆಂಗ್ಳೂರಲ್ಲಿ ನಿಲ್ಲಿಸಿದಾಗ "ಏಯ್ ಲೈಸೆನ್ಸ್ ತೆಗಿ" ಅಂದ್ರು, ನಂಗೆ 52 ವರ್ಷ, ಟೀಚರ್. ಫೋನಿನಲ್ಲಿ ಡಿಜಿಲಾಕರ್ ಲೈಸೆನ್ಸ್ ತೋರಿಸಿದೆ, ಒರಿಜಿನಲ್ ಬೇಕು ಅಂತ. 2018ರಿಂದ ಅದು ನಡೀತದೆ ಅಂತ ಹೇಳಿದ್ದಕ್ಕೆ "ಮೇಡಂ ತುಂಬಾ ಓದಿದೀಯಾ" ಅಂತ. ಮೇಡಂ ಅಂತೆ, ಓದಿದೀಯಾ ಅಂತೆ! ವ್ಯಾಕರಣವೂ ಇಲ್ಲ. ನಾನು ಅಲ್ಲೇ ತಿದ್ದಿದೆ, "ಓದಿದ್ದೀರಾ" ಹೇಳಿ ಅಂತ. ಪಕ್ಕದವರು ನಕ್ರು, ಅವ್ರಿಗೆ ಇನ್ನೂ ಸಿಟ್ಟು ಬಂತು, 1,000 ಜಾಸ್ತಿ ಬಿತ್ತು. ಪರ್ವಾಗಿಲ್ಲ, ತಿದ್ದಿದ ಸಂತೋಷ ಉಂಟು.

ಮದ್ದೂರ್ ವಡೆ
ಅಕ್ಕ ನಮ್ ಕಡೆ ಅಪ್ಪನ್ನೂ ನೀನು ಅಂತೀವಿ, ದೇವ್ರನ್ನೂ ನೀನು ಅಂತೀವಿ. ಏಕವಚನ ಎಲ್ಲಾ ಬೈಗುಳ ಅಲ್ಲ.

ಹುಬ್ಬಳ್ಳಿ ಗಿರಮಿಟ್ಟ
ನಮ್ಮ ಕಡೆ "ರೀ" ಹಚ್ಚಿ ಲಾಠಿ ಬೀಸ್ತಾರ. ಸರೀರಿ ಸ್ವಲ್ಪ ಅಂತ ಮರ್ಯಾದಿಲೆ ಹೊಡೀತಾರ.

ಕರಾವಳಿ ಅಕ್ಕ
ದೇವರಿಗೆ ಹೇಳುದೂ ಸಿಗ್ನಲಲ್ಲಿ ಹೇಳುದೂ ಒಂದೆಯಾ? ತಾಯಿ ಎದುರು ಮಗನಿಗೆ "ಬಾರಿಸ್ಲಾ" ಅಂದದ್ದು ಮಂಡ್ಯದ ಪ್ರೀತಿಯಾ?

ಮದ್ದೂರ್ ವಡೆ
ಅದನ್ನ ಯಾರ್ ಸರಿ ಅಂದ್ರು? ನೀವು ಇಡೀ ಮೈಸೂರ್ ಕಡೆಯವ್ರನ್ನ ಅಂದಿದ್ದಕ್ಕೆ ಹೇಳ್ದೆ. ಬುದ್ಧಿವಂತರ ಜಿಲ್ಲೆಯವ್ರಿಗೆ ಎಲ್ಲಾ ತಿದ್ದೋ ಚಟ.

ಸುಮ್ನೆ ಓದೋನು
ತಮ್ಮಾ ಆಕ್ಟಿವಾ ಸವಾರ, ಗ್ಯಾಲರಿ ಒಳಗೆ ಟ್ರ್ಯಾಶ್ ಅಂತ ಫೋಲ್ಡರ್ ಇರುತ್ತೆ ನೋಡು. ಡಿಲೀಟ್ ಮಾಡಿದ್ದು ಸಾಮಾನ್ಯವಾಗಿ 30 ದಿನ ಅಲ್ಲೇ ಬಿದ್ದಿರುತ್ತೆ. ಅವ್ರು ಅಲ್ಲಿಂದ್ಲೂ ಅಳಿಸಿದ್ರಾ?

ಹಳೇ ಸ್ಪ್ಲೆಂಡರ್
ವಿಡಿಯೋ ಇದ್ರೂ ಏನೂ ಆಗಲ್ಲ, ನನ್ ಹತ್ರ ಅಂಟಿಸಿದ ರಸೀದಿನೇ ಇತ್ತು. ಆಮೇಲೆ ಹಳದಿ ಬೋರ್ಡ್, ನಾನು ಬಗ್ಗಿದ್ದು ಸಾಕ್ಷಿಗೆ, ಭಯಕ್ಕಲ್ಲ.

ಹಳದಿ ಬೋರ್ಡ್
ಆಯ್ತು ಬಿಡಣ್ಣ. ಆ ಕಾಣೆಯಾದ ಮೂಲೆ ಸಿಕ್ರೆ ಹೇಳು.

ಆಕ್ಟಿವಾ ಸವಾರ
ಇದೆ! 38 ಸೆಕೆಂಡ್. ಈಗಷ್ಟೇ ನೋಡ್ದೆ. ಚಿತ್ರದಲ್ಲಿ ಬರೀ ರೋಡು, ಅವ್ರ ಬೂಟು, ಕೊನೆಗೆ ಒಂದು ಕೈ. ಆದ್ರೆ ಮಾತೆಲ್ಲಾ ಸ್ಪಷ್ಟ ಕೇಳುತ್ತೆ, ಬಾರಿಸ್ಲಾ ಅಂದಿದ್ದೂ. ಅದರ ಮಧ್ಯೆ ಅಮ್ಮ "ಬಿಟ್ಬಿಡಿ ಸ್ವಾಮಿ, ನಂದೇ ತಪ್ಪು, ನಾನೇ ಹೆಲ್ಮೆಟ್ ತೆಗ್ದಿದ್ದು" ಅಂತ ನಾಲ್ಕು ಸಲ ಹೇಳಿದ್ದಾರೆ. ಅವತ್ತು ನಂಗೆ ಅದು ಕೇಳ್ಸೇ ಇರ್ಲಿಲ್ಲ. ಮೂರು ಕಡೆ ಕಾಪಿ ಮಾಡಿಟ್ಟೆ. ಸೋಮವಾರ ಅರ್ಧ ದಿನ ರಜೆ ಹಾಕಿ ಡಿಸಿಪಿ ಆಫೀಸಿಗೆ ಹೋಗ್ತೀನಿ. ಅಮ್ಮಂಗೆ ಇನ್ನೂ ಹೇಳಿಲ್ಲ.

ಹಳೇ ಸ್ಪ್ಲೆಂಡರ್
ಅರ್ಧ ದಿನ ಸಾಲಲ್ಲ, ಪೂರ್ತಿ ಹಾಕು. ಸೀಲ್ ಹಾಕೋರು ಊಟಕ್ಕೆ ಹೋಗಿರ್ತಾರೆ.

ಕರಾವಳಿ ಅಕ್ಕ
ಮದ್ದೂರ್ ವಡೆ ಅವ್ರೇ, ಚಟ ಅಂದದ್ದನ್ನು ವಾಪಸ್ ತಗೊಳ್ಳಿ ಮೊದ್ಲು.