ಅಪ್‌ಡೇಟ್: ಪಿಸ್ತೂಲಿನ ಸೈಟ್ ಸರಿಹೋಯಿತು

10 ಮೀಟರ್ ದೂರದಲ್ಲಿ ಗುಂಡುಗಳು 5 ಸೆಂ.ಮೀ. ಎಡಕ್ಕೆ ಬೀಳುತ್ತಿವೆ, ಹಿಂದಿನ ಸೈಟನ್ನು (ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಎರಡು ಗುರುತುಗಳಲ್ಲಿ ಕಣ್ಣಿಗೆ ಹತ್ತಿರದ್ದು) ಮನೆಯಲ್ಲೇ ಸರಿಸಬಹುದಾ ಅಂತ ಕೇಳಿದ್ದೆ. ಸರಿಸಿದೆ.

ಅದಕ್ಕೂ ಮೊದಲು, ಟ್ರಿಗರ್ ಎಳೆಯುವಾಗ ನನ್ನ ಕೈಯೇ ತಳ್ಳುತ್ತಿದೆಯಾ ಅಂತ ನೋಡಿದೆ. ಮರಳು ಚೀಲದ ಮೇಲಿಟ್ಟು ಹೊಡೆದರೂ ಅಷ್ಟೇ, ಇನ್ನೊಬ್ಬರು ಹೊಡೆದರೂ ಅಷ್ಟೇ, ಎಲ್ಲವೂ ಎಡಕ್ಕೇ. ಸರಿ, ಸೈಟಿನದೇ ತಕರಾರು.

ಲೆಕ್ಕ ಸುಲಭ. ಗುಂಡು ತಪ್ಪಿದ ಅಳತೆಯನ್ನು ಎರಡು ಸೈಟ್‌ಗಳ ನಡುವಿನ ಅಂತರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಬೇಕು. ನನ್ನದರಲ್ಲಿ ಅಂತರ 160 ಮಿ.ಮೀ., ಅಂದರೆ ಸರಿಸಬೇಕಾದ್ದು ಬರೀ 0.8 ಮಿ.ಮೀ.! ಇಷ್ಟಕ್ಕೆ ಸುತ್ತಿಗೆ ಬೀಸುವ ಅಗತ್ಯ ಇಲ್ಲ ಅಲ್ವಾ.

ಮ್ಯಾಗಜಿನ್ ತೆಗೆದು, ಚೇಂಬರ್ (ಹೊಡೆಯುವ ಮುಂಚೆ ಗುಂಡು ಕೂರುವ ಜಾಗ) ಖಾಲಿ ಇದೆಯಾ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಸ್ಲೈಡನ್ನು (ಸೈಟ್ ಕೂತಿರುವ, ಹಿಂದೆ ಮುಂದೆ ಜಾರುವ ಮೇಲಿನ ಭಾಗ) ಬಿಚ್ಚಿ ವೈಸ್‌ಗೆ (ಬಿಗಿಯಾಗಿ ಹಿಡಿಯುವ ಇಕ್ಕಳಕ್ಕೆ) ಕೂರಿಸಿದೆ, ಗೀರು ಬೀಳದ ಹಾಗೆ ಎರಡೂ ಕಡೆ ಚರ್ಮದ ತುಂಡು. ಸೈಟ್ ಮೇಲೂ ಸ್ಲೈಡ್ ಮೇಲೂ ಒಂದೇ ನೇರಕ್ಕೆ ಪೆನ್ಸಿಲ್ ಗೆರೆ. ಸೈಟಿನಲ್ಲಿ ಸಣ್ಣ ಸ್ಕ್ರೂ ಇದ್ದರೆ ಮೊದಲು ಸಡಿಲ ಮಾಡಿ. ಆಮೇಲೆ ಹಿತ್ತಾಳೆ ಪಂಚ್ (ಪೆಟ್ಟು ತಾಗಿಸುವ ಸಣ್ಣ ಕಡ್ಡಿ) ಇಟ್ಟು ಮೆಲ್ಲಗೆ ತಟ್ಟಿದೆ. ಉಕ್ಕಿನದು ಬೇಡವೇ ಬೇಡ, ಬಣ್ಣ ಕಿತ್ತು ಬರುತ್ತದೆ. ಸುಮಾರು ಹೊತ್ತು ಕದಲಲೇ ಇಲ್ಲ, ಆಮೇಲೆ ಗೆರೆಗಳು ಕೂದಲೆಳೆಯಷ್ಟು ಬೇರೆಯಾದವು.

ದಿಕ್ಕು ಕೇಳಿದವರಿಗೆ: ಗುಂಡು ಯಾವ ಕಡೆ ಹೋಗಬೇಕೋ ಹಿಂದಿನ ಸೈಟ್ ಆ ಕಡೆಗೇ, ಮುಂದಿನದಾದರೆ ಉಲ್ಟಾ.

ರೇಂಜ್‌ನಲ್ಲಿ ಈಗ ಗುಂಡುಗಳು ನಡುವೆಯೇ ಬೀಳುತ್ತಿವೆ. ಸ್ವಲ್ಪ ಕೆಳಗಿವೆ ನಿಜ, ಆದರೆ ಅದಕ್ಕೆ ಮುಂದಿನ ಸೈಟ್ ಇನ್ನೂ ಗಿಡ್ಡದ್ದು ಬೇಕು, ಸದ್ಯಕ್ಕೆ ಬಿಟ್ಟಿದ್ದೇನೆ.